ಹತ್ತು ಬಾರಿ ಪಟ್ಟವೇರಿದ ದೊರೆ, ಹತ್ತು ತಾಲೆರಿನ ಬಿಡುಗಡೆ

1746ರ ಆಗಸ್ಟ್ 5ರಂದು ವಲಾಕಿಯಾದ ಜಮೀನ್ದಾರರೂ ಮಠಗಳ ಹಿರಿಯರೂ ಸಭೆ ಸೇರಿ ಒಂದು ನಿರ್ಣಯಪತ್ರಕ್ಕೆ ಒಪ್ಪಿಗೆ ಕೊಟ್ಟರು. ಇಂದಿನ ರೊಮೇನಿಯಾದ ದಕ್ಷಿಣ ಭಾಗವೇ ಅಂದಿನ ವಲಾಕಿಯಾ. ಪತ್ರದ ಸಾರ ಇಷ್ಟು: ಹಿಂದಿನಿಂದ ಹಳ್ಳಿಯನ್ನು ಮಾರುವಾಗ ಅಲ್ಲಿನ ಮನುಷ್ಯರನ್ನೂ ನೆಲದ ಜೊತೆಯಲ್ಲೇ ಮಾರುತ್ತ ಬಂದಿದ್ದಾರೆ, ಒಂದೇ ಧರ್ಮದ ಸಹೋದರರನ್ನು ಹೀಗೆ ನೊಗಕ್ಕೆ ಕಟ್ಟುವುದು ಪಾಪ, ಆದ್ದರಿಂದ ಮನಸ್ಸಿರುವ ಒಡೆಯ ತನ್ನ ಆಳುಗಳನ್ನು ಪುಣ್ಯಕ್ಕಾಗಿ ಬಿಟ್ಟುಬಿಡಲಿ, ಮನಸ್ಸಿಲ್ಲದಿದ್ದರೆ ಆಳು ತಲೆಗೆ ಹತ್ತು ತಾಲೆರ್ ಎಂಬ ಬೆಳ್ಳಿ ನಾಣ್ಯ ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಳ್ಳಲಿ, ಒಡೆಯ ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ. ನೆಲ ಮಾತ್ರ ಒಡೆಯನದೇ.

ಈ ಪತ್ರದ ಹಿಂದೆ ನಿಂತಿದ್ದ ದೊರೆ ಆ ನಾಡಿನಲ್ಲಿ ಹುಟ್ಟಿದವನಲ್ಲ. ಇಸ್ತಾಂಬುಲಿನ ಗ್ರೀಕ್ ಮನೆತನದವನು, ಹೆಸರು ಕಾನ್‌ಸ್ಟಾಂಟಿನ್ ಮಾವ್ರೊಕೋರ್ದಾತೋಸ್. ಒಟ್ಟೊಮನ್ ಸುಲ್ತಾನನ ಕೈಕೆಳಗೆ ವಲಾಕಿಯಾವನ್ನು ಆರು ಬಾರಿ, ಅದರ ಉತ್ತರದ ನೆರೆನಾಡಾದ ಮೊಲ್ಡಾವಿಯಾವನ್ನು ನಾಲ್ಕು ಬಾರಿ ಆಳಿದ. ಹತ್ತು ಸಲ ಪಟ್ಟವೇರಿದವನು ಪ್ರತಿ ಸಲವೂ ಇಳಿಯಲೇಬೇಕಾಯಿತು. ನಾಳೆ ತಾನು ಈ ಕುರ್ಚಿಯಲ್ಲಿ ಇರುತ್ತೇನೋ ಇಲ್ಲವೋ ಎಂಬುದೇ ಗೊತ್ತಿಲ್ಲದ ಒಬ್ಬ ಮನುಷ್ಯ ಶತಮಾನಗಳ ಜೀತವನ್ನು ಹೇಗೆ ಮುರಿದ, ಎಷ್ಟರ ಮಟ್ಟಿಗೆ ಮುರಿದ? ಈ ಪ್ರಕರಣವನ್ನು ನಾನು ಆ ಪ್ರಶ್ನೆ ಹಿಡಿದು ನೋಡುತ್ತಿದ್ದೇನೆ. ಸಾಮ್ರಾಜ್ಯದ ನೆರಳಿನಲ್ಲಿ ಆಳಿದವರನ್ನು ಬರೀ ಕೈಗೊಂಬೆಗಳೆಂದು ತಳ್ಳಿಹಾಕುವುದು ಸುಲಭ. ಕಾನ್‌ಸ್ಟಾಂಟಿನನ ವಿಷಯದಲ್ಲಿ ಅದು ಅನ್ಯಾಯ ಎಂಬುದು ನನ್ನ ನಂಬಿಕೆ.

ದುಭಾಷಿಯ ಮನೆಯಿಂದ ಸಿಂಹಾಸನಕ್ಕೆ

ಇಸ್ತಾಂಬುಲಿನ ಗೋಲ್ಡನ್ ಹಾರ್ನ್ ಕೊಲ್ಲಿಯ ದಂಡೆಯಲ್ಲಿ ಫನಾರ್ ಎಂಬ ಬಡಾವಣೆ ಇದೆ. ಗ್ರೀಕ್ ಆರ್ಥೊಡಾಕ್ಸ್ ಪಂಥದ ಧರ್ಮಪೀಠ ಇರುವುದು ಅಲ್ಲಿಯೇ. ಅದರ ಸುತ್ತ ನೆಲೆಸಿದ್ದ ಸಿರಿವಂತ, ಓದುಬರಹ ಬಲ್ಲ ಗ್ರೀಕ್ ಮನೆತನಗಳಿಗೆ ಫನಾರಿಯೋಟರು ಎಂದು ಹೆಸರು. ಸಾಮ್ರಾಜ್ಯಕ್ಕೆ ಯುರೋಪಿನ ಭಾಷೆಗಳನ್ನು ಬಲ್ಲವರು ಬೇಕಾಗಿದ್ದರು, ಫನಾರಿನಲ್ಲಿ ಅಂಥವರು ಇದ್ದರು. ಕಾನ್‌ಸ್ಟಾಂಟಿನನ ಅಜ್ಜ ಅಲೆಕ್ಸಾಂಡರ್ ಇಟಲಿಯಲ್ಲಿ ವೈದ್ಯಶಾಸ್ತ್ರ ಓದಿ, ರಕ್ತಪರಿಚಲನೆಯಲ್ಲಿ ಶ್ವಾಸಕೋಶದ ಪಾತ್ರದ ಬಗ್ಗೆ ಪ್ರಬಂಧ ಬರೆದವನು. 1673ರಲ್ಲಿ ಸುಲ್ತಾನನ ಮುಖ್ಯ ದುಭಾಷಿಯಾದ. 1699ರ ಕಾರ್ಲೋವಿಟ್ಸ್ ಒಪ್ಪಂದದಲ್ಲಿ ಒಟ್ಟೊಮನ್ ಪರವಾಗಿ ಮಾತುಕತೆ ನಡೆಸಿದವರಲ್ಲಿ ಅವನೂ ಒಬ್ಬ. ದುಭಾಷಿಯೆಂದರೆ ಬರೀ ಮಾತು ತಿರುಗಿಸುವವನಲ್ಲ. ಎರಡೂ ಕಡೆಯ ಗುಟ್ಟು ಅವನ ಕಿವಿಯ ಮೇಲೆಯೇ ಹಾದುಹೋಗುತ್ತಿತ್ತು.

ಈ ಮನೆತನ ದುಭಾಷಿ ಹುದ್ದೆಯಿಂದ ದೊರೆತನಕ್ಕೆ ಏರಿದ್ದು ಮತ್ತೊಬ್ಬರ ಪತನದಿಂದ. 1711ರಲ್ಲಿ ಮೊಲ್ಡಾವಿಯಾದ ದೊರೆ ದಿಮಿತ್ರಿಯೆ ಕಾಂತೆಮಿರ್ ರಷ್ಯದ ಪೀಟರ್ ಚಕ್ರವರ್ತಿಯ ಪಕ್ಷ ಸೇರಿದ. ಯುದ್ಧದಲ್ಲಿ ಸೋತು ರಷ್ಯಕ್ಕೆ ಓಡಿಹೋದ. 1714ರ ಆಗಸ್ಟ್ 15ರಂದು ವಲಾಕಿಯಾದ ದೊರೆ ಬ್ರಿಂಕೊವೆಯಾನುವನ್ನು ಅವನ ನಾಲ್ವರು ಗಂಡುಮಕ್ಕಳ ಸಮೇತ ಇಸ್ತಾಂಬುಲಿನಲ್ಲಿ ಶಿರಚ್ಛೇದ ಮಾಡಿದರು. ನಾಡಿನ ಕುಲೀನರನ್ನು ಇನ್ನು ನಂಬುವ ಹಾಗಿಲ್ಲ ಎಂದು ಸುಲ್ತಾನನ ದರ್ಬಾರು ತೀರ್ಮಾನಿಸಿತು. ಕಣ್ಣೆದುರೇ ಬೆಳೆದ, ಹೆಂಡಿರುಮಕ್ಕಳು ರಾಜಧಾನಿಯಲ್ಲೇ ಇರುವ ಫನಾರಿಯೋಟರನ್ನು ಎರಡೂ ಸಿಂಹಾಸನಗಳಿಗೆ ಕಳಿಸತೊಡಗಿತು. ಮೊದಲು ಹೋದವನು ಕಾನ್‌ಸ್ಟಾಂಟಿನನ ತಂದೆ ನಿಕೋಲಾಸ್. 1711ರಲ್ಲಿ ಹುಟ್ಟಿದ ಕಾನ್‌ಸ್ಟಾಂಟಿನ್ ಬೆಳೆದದ್ದು ಯುರೋಪಿನ ವಿದ್ವಾಂಸರು ಆಸೆಗಣ್ಣಿನಿಂದ ನೋಡುತ್ತಿದ್ದ ತಂದೆಯ ಪುಸ್ತಕ ಭಂಡಾರದ ನಡುವೆ.

1730ರ ಸೆಪ್ಟೆಂಬರಿನಲ್ಲಿ ನಿಕೋಲಾಸ್ ಬುಕಾರೆಸ್ಟಿನಲ್ಲಿ ಪ್ಲೇಗಿಗೆ ಬಲಿಯಾದ. ತಾನೇ ಕಟ್ಟಿಸಿದ ವಕಾರೆಶ್ಟ್ ಮಠದಲ್ಲಿ ಅವನನ್ನು ಮಣ್ಣು ಮಾಡಿದರು. (ಆ ಮಠವನ್ನು 1980ರ ದಶಕದಲ್ಲಿ ಚೌಶೆಸ್ಕು ಸರ್ಕಾರ ನೆಲಸಮ ಮಾಡಿತು. ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.) ಅಲ್ಲಿನ ಕುಲೀನರಾದ ಬೋಯಾರರು ಹತ್ತೊಂಬತ್ತರ ಹರೆಯದ ಮಗನನ್ನೇ ದೊರೆಯೆಂದು ಆರಿಸಿದರು. ಆದರೆ ಅದೇ ದಿನಗಳಲ್ಲಿ ಇಸ್ತಾಂಬುಲಿನಲ್ಲಿ ಪತ್ರೋನ ಹಲೀಲನ ದಂಗೆ ಎದ್ದು, ಸುಲ್ತಾನ್ ಮೂರನೆಯ ಅಹ್ಮದ್ ಗದ್ದುಗೆಯಿಂದ ಇಳಿದಿದ್ದ. ಹೊಸ ಸುಲ್ತಾನ, ಹೊಸ ವಜೀರರು, ಹೊಸ ಲೆಕ್ಕಾಚಾರ. ಒಂದೇ ತಿಂಗಳಿಗೆ ಕಾನ್‌ಸ್ಟಾಂಟಿನನ ಪಟ್ಟ ಹೋಯಿತು. ನಾಡಿನವರ ಆಯ್ಕೆಗೆ ಬೆಲೆ ಇಲ್ಲ, ಎಲ್ಲವೂ ಫನಾರಿನಾಚೆಯ ಅರಮನೆಯಲ್ಲಿ ತೀರ್ಮಾನವಾಗುತ್ತದೆ ಎಂಬ ಪಾಠ ಹುಡುಗನಿಗೆ ಮೊದಲ ತಿಂಗಳಲ್ಲೇ ಸಿಕ್ಕಿತು. ಮರುವರ್ಷ ಅವನು ಆ ಅರಮನೆಯ ದಾರಿಯಿಂದಲೇ ಮತ್ತೆ ಪಟ್ಟಕ್ಕೆ ಬಂದ.

ಪಟ್ಟದ ಬೆಲೆ

ಈ ಪಟ್ಟಾಭಿಷೇಕವನ್ನು ಹತ್ತಿರದಿಂದ ನೋಡಿದರೆ ದೊರೆಯ ಸ್ಥಿತಿ ತಿಳಿಯುತ್ತದೆ. ಇಸ್ತಾಂಬುಲಿನಲ್ಲಿ ಸುಲ್ತಾನನ ಮುಂದೆ ಅವನಿಗೆ ಖಿಲ್ಲತ್ತಿನ ನಿಲುವಂಗಿ ತೊಡಿಸುತ್ತಾರೆ. ತಲೆಗೆ ಇಡುವುದು ಕಿರೀಟವಲ್ಲ, ಸುಲ್ತಾನನ ಖಾಸಾ ಕಾಲಾಳು ದಳವಾದ ಜಾನಿಸರಿ ಪಡೆಯ ಹಿರಿಯ ಅಧಿಕಾರಿಗಳು ಧರಿಸುವ ಗರಿಗಳ ಟೊಪ್ಪಿಗೆ. ಕುದುರೆಯ ಬಾಲದ ಕೂದಲು ಕಟ್ಟಿದ ಎರಡು ಕೋಲುಗಳನ್ನು ಬಿರುದಾಗಿ ಕೊಡುತ್ತಾರೆ. ಸುಲ್ತಾನನ ಲೆಕ್ಕದಲ್ಲಿ ಆತ ಎರಡು ಬಾಲದ ಪಾಶಾಗೆ, ಎಂದರೆ ಉನ್ನತ ಅಧಿಕಾರಿಗೆ, ಸಮಾನ. ಇದೆಲ್ಲ ಮುಗಿದ ಮೇಲೆ ಮೆರವಣಿಗೆ ಫನಾರಿನ ಚರ್ಚಿಗೆ ಹೋಗುತ್ತದೆ. ಅಲ್ಲಿ ಧರ್ಮಪೀಠದ ಗುರುಗಳು ಬೈಜಾಂಟೈನ್ ಚಕ್ರವರ್ತಿಗಳ ಕಾಲದ ವಿಧಿಯಲ್ಲಿ ಆಶೀರ್ವದಿಸುತ್ತಾರೆ. ಅರಮನೆಯಲ್ಲಿ ಅಧಿಕಾರಿ, ಗುಡಿಯಲ್ಲಿ ಚಕ್ರವರ್ತಿಯ ಛಾಯೆ. ಒಂದೇ ದಿನ, ಒಂದೇ ಮೈಮೇಲೆ ಈ ಎರಡೂ ವೇಷ.

ಈ ವ್ಯವಸ್ಥೆಯ ಮಾತುಗಳು ಕನ್ನಡದವರಿಗೆ ಅಷ್ಟೇನೂ ಹೊಸತಲ್ಲ. ಬುಕಾರೆಸ್ಟಿನ ಆಡಳಿತ ಸಭೆಗೆ ದಿವಾನ್ ಎಂದೇ ಹೆಸರು. ಸುಲ್ತಾನನಿಂದ ಬರುತ್ತಿದ್ದದ್ದು ಫರ್ಮಾನು. ಕಪ್ಪದ ಜೊತೆ ಕೊಡಬೇಕಾದ ಕಾಣಿಕೆಗೆ ಅಲ್ಲಿಯೂ ಪೇಷ್ಕಷ್ ಎಂಬ ಮಾತೇ ಇತ್ತು. ನಮ್ಮ ಪಾಳೆಯಗಾರರು ತೆತ್ತದ್ದೂ ಅದನ್ನೇ. ತೆರಿಗೆ ಕಟ್ಟುವ ಪ್ರಜೆಗೆ ಅಲ್ಲಿ ರೆಆಯಾ ಎನ್ನುತ್ತಿದ್ದರು. ನಮ್ಮ ‘ರೈತ’ ಹುಟ್ಟಿದ್ದು ಅದೇ ಬೇರಿನಿಂದ. ಅರಬ್ಬಿ ಪಾರಸಿಗಳ ಕಚೇರಿ ನುಡಿ ಪೂರ್ವಕ್ಕೂ ಪಶ್ಚಿಮಕ್ಕೂ ಹರಿದು, ಡ್ಯಾನ್ಯೂಬ್ ದಂಡೆಯ ಒಕ್ಕಲಿಗನಿಗೂ ತುಂಗಭದ್ರೆಯ ದಂಡೆಯ ಒಕ್ಕಲಿಗನಿಗೂ ಹತ್ತಿರ ಹತ್ತಿರದ ಹೆಸರಿಟ್ಟಿತು.

ಹಣದ ಲೆಕ್ಕಕ್ಕೆ ಬರೋಣ. ವಾರ್ಷಿಕ ಕಪ್ಪ ಒಂದು ಕಡೆ. ಪಟ್ಟ ಸಿಕ್ಕಾಗ ಸುಲ್ತಾನನಿಗೂ ವಜೀರನಿಗೂ ಅರಮನೆಯ ಉಳಿದವರಿಗೂ ಕೊಡಬೇಕಾದ ಮೊತ್ತ ಇನ್ನೊಂದು ಕಡೆ. ಪಟ್ಟವನ್ನು ಮುಂದುವರಿಸಲು ಕೊಡುವ ಹಣ ಬೇರೆ. ಇವುಗಳ ಜೊತೆ ರಾಜಧಾನಿಗೆ ಧಾನ್ಯ, ಕುರಿ, ಮರಮುಟ್ಟು ಹೊಂದಿಸಬೇಕು. ಹಾಗಾಗಿ ದೊರೆಯನ್ನು ಆಗಾಗ ಬದಲಿಸಿದಷ್ಟೂ ಖಜಾನೆಗೆ ಲಾಭ. 1733ರಲ್ಲಿ ವಲಾಕಿಯಾದಲ್ಲಿದ್ದ ಕಾನ್‌ಸ್ಟಾಂಟಿನನನ್ನು ಮೊಲ್ಡಾವಿಯಾಕ್ಕೆ, ಮೊಲ್ಡಾವಿಯಾದಲ್ಲಿದ್ದ ಅವನ ಸೋದರತ್ತೆಯ ಮಗ ಗ್ರಿಗೋರೆ ಗಿಕಾನನ್ನು ವಲಾಕಿಯಾಕ್ಕೆ ಕಳಿಸಿದರು. 1735ರಲ್ಲಿ ಮತ್ತೆ ಅದಲುಬದಲು. 1748ರಲ್ಲಿ ಮೂರನೆಯ ಬಾರಿ ಅದೇ ಇಬ್ಬರ ನಡುವೆ ಅದೇ ಆಟ. ಈ ಹಣವೆಲ್ಲ ಕೊನೆಗೆ ಬರುತ್ತಿದ್ದದ್ದು ಹಳ್ಳಿಯಿಂದ. ಎಲ್ಲಿಂದ ಸುತ್ತಿ ಬಂದರೂ ಈ ಪ್ರಕರಣದ ಗಂಟು ಇಲ್ಲಿಯೇ ಇದೆ.

ಖಾಲಿಯಾಗುತ್ತಿದ್ದ ಹಳ್ಳಿಗಳು

ವಲಾಕಿಯಾದ ಜೀತಗಾರನಿಗೆ ‘ರುಮಿನ್’ ಎಂದು ಕರೆಯುತ್ತಿದ್ದರು. ಒಡೆಯನ ನೆಲ ಬಿಟ್ಟು ಹೋಗುವಂತಿಲ್ಲ, ನೆಲ ಮಾರಿದರೆ ಅದರ ಜೊತೆ ಅವನೂ ಕೈ ಬದಲಾಗುತ್ತಾನೆ. ಇಡೀ ಜನಾಂಗದ ಹೆಸರೂ ಜೀತಗಾರನ ಹೆಸರೂ ಒಂದೇ ಆಗಿದ್ದದ್ದನ್ನು ಗಮನಿಸಬೇಕು: ರೊಮೇನಿಯನ್ ಎಂಬ ಪದದ ಹಳೆಯ ರೂಪವೇ ಅದು. ಮೊಲ್ಡಾವಿಯಾದಲ್ಲಿ ಅವನನ್ನು ‘ವೆಚಿನ್’ ಎನ್ನುತ್ತಿದ್ದರು, ಎಂದರೆ ನೆರೆಯವನು.

ಜೀತಗಾರನಿಗೆ ಎರಡು ಹೊರೆ. ಒಡೆಯನಿಗೆ ಬಿಟ್ಟಿ ಚಾಕರಿ, ರಾಜ್ಯಕ್ಕೆ ತೆರಿಗೆ. ದನಕ್ಕೆ ತೆರಿಗೆ, ದ್ರಾಕ್ಷಿ ತೋಟಕ್ಕೆ ತೆರಿಗೆ, ಹೊಗೆಯಾಡುವ ಒಲೆಗೂ ತೆರಿಗೆ. ಹಳ್ಳಿಗೆ ಒಟ್ಟಾಗಿ ಇಷ್ಟು ಎಂದು ನಿಗದಿಯಾಗುತ್ತಿದ್ದದ್ದರಿಂದ ಓಡಿಹೋದವನ ಪಾಲನ್ನು ಉಳಿದವನು ಕಟ್ಟಬೇಕು. ಹತ್ತು ಮನೆಯಲ್ಲಿ ಮೂರು ಖಾಲಿಯಾದರೆ ಏಳು ಮನೆಯವರ ಬೆನ್ನಿಗೆ ಹತ್ತು ಮನೆಯ ಭಾರ. ಮರುವರ್ಷ ಆ ಏಳರಲ್ಲಿ ಇನ್ನೆರಡು ಖಾಲಿ. ಓಡಲು ಜಾಗಕ್ಕೂ ಬರವಿರಲಿಲ್ಲ: ದಕ್ಷಿಣಕ್ಕೆ ಡ್ಯಾನ್ಯೂಬ್ ದಾಟಿದರೆ ನೇರ ಒಟ್ಟೊಮನ್ ನೆಲ, ಉತ್ತರಕ್ಕೆ ಕಾರ್ಪೇಥಿಯನ್ ಬೆಟ್ಟ ಹತ್ತಿ ಇಳಿದರೆ ಆಸ್ಟ್ರಿಯದ ಟ್ರಾನ್ಸಿಲ್ವೇನಿಯಾ. ಇದರ ನಡುವೆ 1736ರಿಂದ 1739ರವರೆಗೆ ರಷ್ಯ, ಆಸ್ಟ್ರಿಯ, ತುರ್ಕಿಯ ಯುದ್ಧ. ಬೆಲ್‌ಗ್ರೇಡ್ ಒಪ್ಪಂದದಿಂದ ಪಶ್ಚಿಮದ ಓಲ್ತೇನಿಯಾ ಪ್ರಾಂತ್ಯ ಎರಡು ದಶಕಗಳ ಆಸ್ಟ್ರಿಯನ್ ಆಳ್ವಿಕೆಯ ನಂತರ ವಲಾಕಿಯಾಕ್ಕೆ ಮರಳಿತು. ಆ ಹೊತ್ತಿಗೆ ಯುದ್ಧ ಅಲ್ಲಿನ ಹಳ್ಳಿಗಳನ್ನು ಜಜ್ಜಿಹಾಕಿತ್ತು.

ಕಾನ್‌ಸ್ಟಾಂಟಿನ್ ಮೊದಲು ಕೈ ಹಾಕಿದ್ದು ತೆರಿಗೆಗೆ. 1740ರ ಸುಧಾರಣೆಯಲ್ಲಿ ದನ ಮತ್ತು ದ್ರಾಕ್ಷಿಯ ತೆರಿಗೆಗಳನ್ನು ತೆಗೆದು, ಒಂದೇ ನಿಗದಿತ ತೆರಿಗೆಯನ್ನು ವರ್ಷಕ್ಕೆ ನಾಲ್ಕು ಕಂತುಗಳಲ್ಲಿ ಕಟ್ಟುವಂತೆ ಮಾಡಿದ. ಜಿಲ್ಲೆಗಳಿಗೆ ಇಸ್ಪ್ರಾವ್ನಿಕ್ ಎಂಬ ಸಂಬಳದ ಅಧಿಕಾರಿಗಳನ್ನು ನೇಮಿಸಿದ. ತೀರ್ಪು ಬಾಯಿಮಾತಿನಲ್ಲಿ ಮುಗಿಯಬಾರದು, ಲಿಖಿತವಾಗಿರಬೇಕು ಎಂದು ಕಟ್ಟಪ್ಪಣೆ ಮಾಡಿದ. 1741ರಿಂದ 1743ರವರೆಗಿನ ಅವನ ಮೊಲ್ಡಾವಿಯಾ ಆಳ್ವಿಕೆಯ ದೊಡ್ಡ ಕಡತ ಇಂದಿಗೂ ಉಳಿದಿದೆ. ಅಧಿಕಾರಿಗಳಿಗೆ ಕಳಿಸಿದ ಆದೇಶಗಳು, ದೂರುಗಳಿಗೆ ಕೊಟ್ಟ ಉತ್ತರಗಳು ಅದರಲ್ಲಿ ದಿನದಿನಕ್ಕೂ ದಾಖಲಾಗಿವೆ. ಎಲ್ಲವನ್ನೂ ಬರೆದಿಡಬೇಕೆಂಬ ಈ ಹಟ ನನಗೆ ಬಹಳ ಹಿಡಿಸುತ್ತದೆ. ಯಾವ ಗಳಿಗೆಯಲ್ಲಿ ಎದ್ದು ಹೋಗಬೇಕಾದೀತೋ ಗೊತ್ತಿಲ್ಲದವನು, ತಾನು ಹೋದ ಮೇಲೂ ಉಳಿಯಲೆಂದು ಕಾಗದದ ಮೇಲೆ ಭರವಸೆ ಇಟ್ಟ. ಈ ಸುಧಾರಣೆಯ ಪಠ್ಯ 1742ರ ಜುಲೈಯಲ್ಲಿ ಪ್ಯಾರಿಸಿನ ‘ಮರ್ಕ್ಯೂರ್ ದ ಫ್ರಾನ್ಸ್’ ಪತ್ರಿಕೆಯಲ್ಲಿ ‘ಸಂವಿಧಾನ’ ಎಂಬ ಹೆಸರಿನಲ್ಲಿ ಅಚ್ಚಾಯಿತು.

ಅದು ಪ್ಯಾರಿಸಿನಲ್ಲಿ ಅಚ್ಚಾಗುವಷ್ಟರಲ್ಲಿ ಅವನು ಬುಕಾರೆಸ್ಟಿನ ಪಟ್ಟದಲ್ಲಿ ಇರಲಿಲ್ಲ. 1741ರಲ್ಲಿ ಮಿಹಾಯ್ ರಾಕೋವಿತ್ಸಾ ಆ ಕುರ್ಚಿಗೆ ಬಂದಿದ್ದ. ನಾಲ್ಕು ಕಂತುಗಳೆಂಬ ಮಿತಿ ಮುರಿಯಿತು. ಕಂತಿಗಿದ್ದ ‘ಕಾಲುಭಾಗ’ ಎಂಬ ಹೆಸರು ಹಾಗೆಯೇ ಉಳಿದು, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಕಾಲುಭಾಗಗಳ ವಸೂಲಿ ನಡೆಯಿತು. ಜನ ಮತ್ತೆ ಗಂಟುಮೂಟೆ ಕಟ್ಟಿದರು. 1744ರಲ್ಲಿ ಕಾನ್‌ಸ್ಟಾಂಟಿನ್ ವಲಾಕಿಯಾಕ್ಕೆ ಮರಳಿದಾಗ ಅವನ ಕೈಗೆ ಬಂದದ್ದು ಸೊರಗಿದ ತೆರಿಗೆ ಪಟ್ಟಿ.

ಮೂರು ಹೆಜ್ಜೆ

ಮುಂದಿನ ಎರಡು ವರ್ಷ ಅವನು ನಡೆದ ದಾರಿಯನ್ನು ನಿಧಾನವಾಗಿ ನೋಡಬೇಕು. ಈ ಪ್ರಕರಣದ ಬುದ್ಧಿವಂತಿಕೆಯೆಲ್ಲ ಅಲ್ಲಿದೆ.

ಮೊದಲ ಹೆಜ್ಜೆ 1745ರ ಅಕ್ಟೋಬರಿನಲ್ಲಿ. ಓಡಿಹೋದವರು ವಾಪಸಾದರೆ ಅವರ ತೆರಿಗೆಯಲ್ಲಿ ರಿಯಾಯಿತಿ ಉಂಟು, ಅವರು ಇಷ್ಟಬಂದ ಕಡೆ ನೆಲೆಸಬಹುದು ಎಂಬ ಭರವಸೆ ಹೊರಟಿತು. ಎರಡನೆಯದು 1746ರ ಮಾರ್ಚ್ 1ರಂದು. ಮರಳಿ ಬಂದವನು ಹಿಂದೆ ಯಾರ ಜೀತಗಾರನಾಗಿದ್ದರೂ ಇನ್ನು ಸ್ವತಂತ್ರ ಎಂದು ಸಭೆಯ ಮೂಲಕವೇ ಘೋಷಿಸಿದ.

ಈಗ ಹಳ್ಳಿಯಲ್ಲೇ ಉಳಿದಿದ್ದವನ ಜಾಗದಲ್ಲಿ ನಿಂತು ಯೋಚಿಸಿ. ಪಕ್ಕದ ಮನೆಯವನು ಮೂರು ವರ್ಷದ ಹಿಂದೆ ರಾತ್ರೋರಾತ್ರಿ ಹೊಳೆ ದಾಟಿದ. ಅವನ ಪಾಲಿನ ತೆರಿಗೆಯನ್ನು ಇಷ್ಟು ದಿನ ನೀವು ಕಟ್ಟಿದಿರಿ. ಇಂದು ಅವನು ಸ್ವತಂತ್ರನಾಗಿ ಮರಳಿದ್ದಾನೆ. ಒಡೆಯನಿಗೆ ನಿಷ್ಠೆಯಿಂದ ಉಳಿದ ನೀವು ಇನ್ನೂ ಜೀತದಲ್ಲೇ ಇದ್ದೀರಿ. ಏನು ಮಾಡುತ್ತೀರಿ? ನೀವೂ ಹೊಳೆ ದಾಟಿ, ನಾಲ್ಕು ದಿನ ಬಿಟ್ಟು ಸ್ವತಂತ್ರನಾಗಿ ಬರುತ್ತೀರಿ. ಮಾರ್ಚಿನ ಆದೇಶ ಜೀತವನ್ನು ರದ್ದು ಮಾಡಲಿಲ್ಲ, ಆದರೆ ಅದನ್ನು ಹಿಡಿದಿಡುವುದನ್ನೇ ಅಸಾಧ್ಯ ಮಾಡಿತು. ಬೋಯಾರರಿಗೆ ಇದು ಅರ್ಥವಾಗದೆ ಇರಲಿಲ್ಲ. ಆಗಸ್ಟಿನಲ್ಲಿ ಅವರು ಒಪ್ಪಿದ್ದರಲ್ಲಿ ಧರ್ಮಭೀತಿ ಎಷ್ಟಿತ್ತೋ, ಹಿಡಿಯಲಾಗದ್ದನ್ನು ಮರ್ಯಾದೆಯಿಂದ ಬಿಡುವ ಲೆಕ್ಕವೂ ಅಷ್ಟೇ ಇತ್ತು.

ಆ ಮರ್ಯಾದೆಯ ದಾರಿಯನ್ನು ತೆರೆಯುವಲ್ಲಿ ಮಹಾಧರ್ಮಾಧ್ಯಕ್ಷ ನಿಯೋಫಿತನ ಪಾತ್ರ ದೊಡ್ಡದು. ಕ್ರೀಟ್ ದ್ವೀಪದ ಗ್ರೀಕನಾದ ಅವನು ದೊರೆಗೆ ಆಪ್ತ. ಜೀತಗಾರರ ದೊಡ್ಡ ಒಡೆಯರಲ್ಲಿ ಮಠಗಳೂ ಸೇರಿದ್ದವು. ಧರ್ಮಾಧ್ಯಕ್ಷನೇ ‘ಇದು ಪಾಪ’ ಎಂದ ಮೇಲೆ ಬೋಯಾರ್ ಬಾಯಿ ತೆರೆಯುವುದು ಹೇಗೆ? ಇದಕ್ಕೂ ಮೊದಲೇ 1740ರ ಸುಧಾರಣೆಯಲ್ಲಿ ಬೋಯಾರರಿಗೂ ಮಠಗಳಿಗೂ ತೆರಿಗೆ ವಿನಾಯಿತಿ ಕೊಟ್ಟಾಗಿತ್ತು. ಆದ್ದರಿಂದ ಅವರ ಕೈ ಪೂರ್ತಿ ಖಾಲಿಯಾಗಲಿಲ್ಲ.

ಈಗ ಆ ಹತ್ತು ತಾಲೆರ್. ಒಂದು ಬಡ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ, ತಲೆಗೆ ಇಷ್ಟು ಎಂದಾಗ ಇನ್ನೂ ದೊಡ್ಡದು. ಆದರೂ ಅದರಲ್ಲಿ ಒಂದು ಹೊಸತು ಇತ್ತು. ಅದುವರೆಗೆ ಬಿಡುಗಡೆ ಒಡೆಯನ ಕೃಪೆ. ಹಣ ಎಣಿಸಿಟ್ಟರೂ ಅವನು ‘ಬಿಡುವುದಿಲ್ಲ’ ಎಂದರೆ ಮುಗಿಯಿತು. ಈಗ ಬೆಲೆ ನಿಗದಿ, ಒಡೆಯನ ಒಪ್ಪಿಗೆ ಬೇಕಿಲ್ಲ. ಹಣ ಕೊಟ್ಟರೂ ಬಿಡದಿದ್ದರೆ ನೇರ ದಿವಾನಿಗೆ ದೂರು ಕೊಡಬಹುದು. ನನ್ನ ಮಟ್ಟಿಗೆ ಇಡೀ ಪತ್ರದ ಬೆನ್ನೆಲುಬು ಈ ಒಂದು ಸಾಲು.

ಎರಡನೆಯ ನಾಡು

1748ರ ಅದಲುಬದಲಿನಲ್ಲಿ ಕಾನ್‌ಸ್ಟಾಂಟಿನ್ ಮೊಲ್ಡಾವಿಯಾಕ್ಕೆ ಬಂದ. ಬರುವಾಗ ಸುಧಾರಣೆಯನ್ನೂ ಜೊತೆಗೆ ತಂದ. ದೊರೆಗಳನ್ನು ಚೆಂಡಿನಂತೆ ಆಚೀಚೆ ಎಸೆಯುತ್ತಿದ್ದ ಪದ್ಧತಿಯಿಂದಲೇ ಒಂದು ನಾಡಿನ ಕಾನೂನು ಇನ್ನೊಂದು ನಾಡಿಗೆ ದಾಟಿದ್ದು ಈ ಕಥೆಯ ವಿಚಿತ್ರಗಳಲ್ಲಿ ಒಂದು.

1749ರ ಏಪ್ರಿಲ್ 6ರಂದು ಯಾಶ್ ಪಟ್ಟಣದ ತ್ರೇಯ್ ಇಯೆರಾರ್ಹ್ ಮಠದಲ್ಲಿ ಸಭೆ ಸೇರಿತು. ಇಲ್ಲಿ ಹತ್ತು ತಾಲೆರಿನ ಮಾತಿಲ್ಲ. ಸಭೆ ಹಿಡಿದದ್ದು ಪದದ ಅರ್ಥವನ್ನು. ವೆಚಿನ್ ಎಂದರೆ ನೆರೆಯವನು, ಗುಲಾಮನಲ್ಲ. ಸ್ವಂತ ನೆಲವಿಲ್ಲದ ಹಳ್ಳಿಗ ಎಂದಷ್ಟೇ ಅರ್ಥ. ಅವನನ್ನು ಮಾರುವಂತಿಲ್ಲ, ಗಂಡನೊಂದು ಕಡೆ ಮಕ್ಕಳೊಂದು ಕಡೆ ಹಂಚುವಂತಿಲ್ಲ. ಹೆಸರಿನಲ್ಲಿ ಮುಚ್ಚಿಹೋಗಿದ್ದ ನ್ಯಾಯವನ್ನು ಹೆಸರಿನಿಂದಲೇ ಹೊರತೆಗೆದರು.

ಆದರೆ ಆ ವಾದದಲ್ಲೇ ಒಂದು ಕರಾಳ ಗೆರೆಯೂ ಇದೆ. ವೆಚಿನ್ ಗುಲಾಮನಲ್ಲ ಎಂದು ಸಾಧಿಸಲು ಅವರು ಹೋಲಿಸಿದ್ದು ರೋಮಾ ಜನರೊಂದಿಗೆ. ‘ಜಿಪ್ಸಿಗಳನ್ನು ಮಾರುವಂತೆ ಇವರನ್ನು ಮಾರಬಾರದು’ ಎಂಬುದು ತರ್ಕ. ಎಂದರೆ ಅವರನ್ನು ಮಾರಬಹುದು. ಎರಡೂ ನಾಡುಗಳಲ್ಲಿ ದೊರೆಯ, ಮಠಗಳ, ಬೋಯಾರರ ಸ್ವತ್ತಾಗಿ ದುಡಿಯುತ್ತಿದ್ದ ರೋಮಾ ಗುಲಾಮರಿಗೆ ಈ ಎರಡು ಪತ್ರಗಳಿಂದ ಏನೂ ಸಿಗಲಿಲ್ಲ. ಅವರ ಕೊನೆಯ ಬಿಡುಗಡೆ ಮೊಲ್ಡಾವಿಯಾದಲ್ಲಿ 1855ರಲ್ಲಿ, ವಲಾಕಿಯಾದಲ್ಲಿ 1856ರಲ್ಲಿ. ಕಾನ್‌ಸ್ಟಾಂಟಿನನನ್ನು ಹೊಗಳುವ ಬರಹಗಳು ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳಬಾರದು. ನೂರು ವರ್ಷ ಎಂದರೆ ನಾಲ್ಕು ತಲೆಮಾರು.

ಏನು ಉಳಿಯಿತು

ಮನುಷ್ಯ ಬಿಡುಗಡೆಯಾದ, ನೆಲ ಆಗಲಿಲ್ಲ. ಹಳೆಯ ಜೀತಗಾರ ಮರುದಿನವೂ ಅದೇ ಒಡೆಯನ ಹೊಲದಲ್ಲಿ ಉಳಬೇಕು, ಏಕೆಂದರೆ ಬೇರೆ ಹೊಲವಿಲ್ಲ. ಉಳುವುದಕ್ಕೆ ಪ್ರತಿಯಾಗಿ ಬೆಳೆಯ ಹತ್ತನೆಯ ಒಂದು ಪಾಲು, ಜೊತೆಗೆ ವರ್ಷಕ್ಕೆ ವಲಾಕಿಯಾದಲ್ಲಿ 12 ದಿನ, ಮೊಲ್ಡಾವಿಯಾದಲ್ಲಿ 24 ದಿನ ಬಿಟ್ಟಿ ದುಡಿತ. ಜೀತಗಾರನ ಜಾಗಕ್ಕೆ ‘ಕ್ಲಾಕಾಶ್’ ಎಂಬ ಹೊಸ ಹೆಸರು ಬಂತು, ಬಿಟ್ಟಿ ದುಡಿಯುವವನು ಎಂದು. ಆ ದಿನಗಳು ಮುಂದಿನ ದಶಕಗಳಲ್ಲಿ ಒಡೆಯರ ಒತ್ತಡದಿಂದ ಭಾರವಾಗುತ್ತ ಹೋದವು. ಬಿಟ್ಟಿ ದುಡಿತವನ್ನು ಕಾನೂನಿನಿಂದ ತೆಗೆದುಹಾಕಿದ್ದು 1864ರಲ್ಲಿ, ಎರಡೂ ನಾಡುಗಳು ಒಂದಾದ ಮೇಲೆ, ಕೂಜಾ ದೊರೆಯ ಕಾಲದಲ್ಲಿ.

ಹಾಗಾದರೆ ಇದೆಲ್ಲ ತೆರಿಗೆ ವಸೂಲಿಯ ಉಪಾಯವಷ್ಟೇ ಆಗಿತ್ತೇ? ಉಪಾಯ ಹೌದು. ಜೀತಗಾರ ಒಡೆಯನ ಬೇಲಿಯಿಂದ ಹೊರಬಂದರೆ ನೇರವಾಗಿ ರಾಜ್ಯದ ತೆರಿಗೆ ಪಟ್ಟಿಗೆ ಸೇರುತ್ತಾನೆ. ಇಸ್ತಾಂಬುಲಿನ ಬಾಕಿ ತೀರಿಸಲು ದೊರೆಗೆ ಅವನು ಬೇಕಿತ್ತು. ಆದರೆ ಅದೇ ಒತ್ತಡ ಇದ್ದ ಉಳಿದ ಫನಾರಿಯೋಟ್ ದೊರೆಗಳು ಮಾಡಿದ್ದು ಕಂತುಗಳನ್ನು ಹೆಚ್ಚಿಸುವುದನ್ನು. ಇವನು ಅದೇ ಒತ್ತಡದಲ್ಲಿ ನೊಗದ ಹಗ್ಗವನ್ನು ಕೊಯ್ದ. ನೆರೆಯ ಆಸ್ಟ್ರಿಯದ ಎರಡನೆಯ ಜೋಸೆಫ್ ಚಕ್ರವರ್ತಿ ಬೊಹೀಮಿಯಾದಲ್ಲಿ ಇಂಥ ಆದೇಶ ಹೊರಡಿಸಿದ್ದು 1781ರಲ್ಲಿ. ಬೆಟ್ಟದಾಚೆಯ ಟ್ರಾನ್ಸಿಲ್ವೇನಿಯಾಕ್ಕೆ ಅದು ತಲುಪಿದ್ದು 1785ರಲ್ಲಿ, ಹೋರಿಯಾನ ನಾಯಕತ್ವದ ರೈತ ದಂಗೆ ರಕ್ತ ಹರಿಸಿದ ನಂತರ. ಸಾಮ್ರಾಜ್ಯದ ಅಧಿಪತಿಗಿಂತ ಮೂರು ದಶಕ ಮುಂಚೆ, ಒಂದು ಹನಿ ರಕ್ತ ಹರಿಸದೆ, ಕುರ್ಚಿಯ ಅಂಚಿನಲ್ಲಿ ಕುಳಿತಿದ್ದವನು ಅದನ್ನು ಮಾಡಿದ್ದ.

ಅವನಿಗೆ ಅದರಿಂದ ದಕ್ಕಿದ್ದು ಕಡಿಮೆ. ಯಾಶ್ ಸಭೆ ನಡೆದ ವರ್ಷವೇ, 1749ರಲ್ಲಿ, ಪಟ್ಟ ಹೋಯಿತು. ಏಳು ವರ್ಷಗಳ ನಂತರ ಮತ್ತೆ ಬುಕಾರೆಸ್ಟಿಗೆ ಬಂದ, 1758ರಲ್ಲಿ ಇಳಿದ. 1761ರಲ್ಲಿ ಇನ್ನೊಮ್ಮೆ ಬಂದ, 1763ರಲ್ಲಿ ಇಳಿದ. ತಂದೆ ಕೂಡಿಟ್ಟ ಪುಸ್ತಕ ಭಂಡಾರ ಚದುರಿಹೋಯಿತು.

1769ರಲ್ಲಿ ರಷ್ಯ ಮತ್ತು ತುರ್ಕಿಯ ಯುದ್ಧ ಹೊತ್ತಿ ಉರಿಯುತ್ತಿದ್ದಾಗ ಹತ್ತನೆಯ ಬಾರಿಗೆ, ಕೊನೆಯ ಬಾರಿಗೆ ಅವನನ್ನು ಕರೆದು ಮೊಲ್ಡಾವಿಯಾದ ಪಟ್ಟ ಕೊಟ್ಟರು. ಆಗ ಅವನಿಗೆ 58 ವರ್ಷ. ನವೆಂಬರಿನಲ್ಲಿ ಡ್ಯಾನ್ಯೂಬ್ ದಂಡೆಯ ಗಲಾತ್ಸ್ ಪಟ್ಟಣವನ್ನು ರಷ್ಯದ ಪಡೆ ಹಿಡಿದಾಗ ಅವನು ಗಾಯಗೊಂಡು ಸೆರೆಯಾದ. ಅವನನ್ನು ಉತ್ತರಕ್ಕೆ ಯಾಶ್ ಪಟ್ಟಣಕ್ಕೆ ಒಯ್ದರು. ವೆಚಿನ್ ಎಂದರೆ ನೆರೆಯವನು ಎಂದು ಇಪ್ಪತ್ತು ವರ್ಷಗಳ ಹಿಂದೆ ಸಭೆ ನಿರ್ಣಯಿಸಿದ ಅದೇ ಊರಿನಲ್ಲಿ, ರಷ್ಯನ್ನರ ಸೆರೆಯಾಳಾಗಿ, ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ.